ಅರ್ಜಿ ಆನ್‌ಲೈನ್ ಆಯಿತು, ಅನುದಾನ ಊರಿಗೆ ಬಂತೇ?

ಸಂಶೋಧನಾ ಅನುದಾನಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕುವ ಪದ್ಧತಿ ಬಂದು ವರ್ಷಗಳೇ ಆದವು. ಐಐಟಿಯ ಪ್ರಾಧ್ಯಾಪಕರು ತೆರೆಯುವ ಪೋರ್ಟಲ್ಲನ್ನೇ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಅಧ್ಯಾಪಕರೂ ತೆರೆಯುತ್ತಾರೆ. ಅದೇ ಪುಟ, ಅದೇ ಕೊನೆಯ ದಿನ, ಅದೇ ಸಬ್‌ಮಿಟ್ ಬಟನ್. ಇನ್ನೇನು ಬೇಕು, ಎಲ್ಲರಿಗೂ ಸಮಾನ ಅವಕಾಶ ಸಿಕ್ಕಂತಾಯಿತಲ್ಲ ಎನ್ನುವವರು ನಮ್ಮ ಐಟಿ ವಲಯದಲ್ಲಿ ಬಹಳ ಮಂದಿ. ನಾನು ಈ ಮಾತನ್ನು ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಕಾರಣ ನನ್ನ ಅಕ್ಕ. ತುಮಕೂರು ಜಿಲ್ಲೆಯ ಒಂದು ಅನುದಾನಿತ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಕೆಲಸ, ಮನೆ, ಮಕ್ಕಳ ನಡುವೆ ಪಿಎಚ್‌ಡಿ ಮುಗಿಸಿದವಳು. ನಮ್ಮದು ಪಾವಗಡದ ಕಡೆ. ಆ ಸೀಮೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಕೇಳದವರು ಕಡಿಮೆ. ಹಲ್ಲಿನ ಮೇಲಿನ ಕಂದು ಪಟ್ಟೆ, ಐವತ್ತಕ್ಕೇ ಬಗ್ಗುವ ಬೆನ್ನು, ಇವನ್ನು ನಾವು ಕಾಯಿಲೆ ಎಂದು ತಿಳಿಯುವ ಮೊದಲೇ ಮನೆಯವರ ಮುಖಲಕ್ಷಣ ಎಂಬಂತೆ ನೋಡಿಕೊಂಡು ಬೆಳೆದವರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5ರವರೆಗೆ ಒಪ್ಪಬಹುದು. ಅಕ್ಕನ ಪ್ರಶ್ನೆ ಇಷ್ಟೇ: ಸುತ್ತಲಿನ ನಲವತ್ತು ಶಾಲೆಗಳ ಕೊಳವೆಬಾವಿಗಳಲ್ಲಿ ಈ ಅಂಶ ಬೇಸಿಗೆಯಲ್ಲಿ ಎಷ್ಟಿರುತ್ತದೆ, ಮಳೆಯಾದ ಮೇಲೆ ಎಷ್ಟಾಗುತ್ತದೆ, ಮೂರು ವರ್ಷ ಬಿಡದೆ ಅಳೆದರೆ ಯಾವ ಬಾವಿಯನ್ನು ಯಾವ ತಿಂಗಳು ಮುಚ್ಚಬೇಕು ಎಂದು ಹೇಳಲು ಸಾಧ್ಯವೇ? ಒಮ್ಮೆ ಪರೀಕ್ಷೆ ಮಾಡಿ ಬಾವಿಯ ಪಕ್ಕ ಕೆಂಪು ಬಣ್ಣವನ್ನೋ ಹಸಿರು ಬಣ್ಣವನ್ನೋ ಬಳಿದು ಹೋದರೆ ಇದು ಗೊತ್ತಾಗುವುದಿಲ್ಲ.

ಇದಕ್ಕೆ ಬೇಕಾಗಿದ್ದು ಫ್ಲೋರೈಡ್ ಎಲೆಕ್ಟ್ರೋಡ್ ಇರುವ ಒಂದು ಅಯಾನ್ ಮೀಟರ್, ಅದರ ಜೊತೆಗಿನ ಬಫರ್ ದ್ರಾವಣ, ಬಾಟಲಿಗಳು, ಓಡಾಟದ ಖರ್ಚು, ಒಬ್ಬ ಅರೆಕಾಲಿಕ ಸಹಾಯಕ. ದೊಡ್ಡ ಪ್ರಯೋಗಾಲಯಗಳ ಲೆಕ್ಕದಲ್ಲಿ ಇದು ಚಿಲ್ಲರೆ ಹಣ.

ಅರ್ಜಿ ತುಂಬಲು ನಾನು ಹೈದರಾಬಾದಿನಿಂದ, ಅವಳು ಊರಿನಿಂದ, ಐದು ವಾರಾಂತ್ಯ ವಿಡಿಯೊ ಕರೆಯಲ್ಲಿ ಕೂತೆವು. ಯಾವ ಸಂಸ್ಥೆಯ ಪೋರ್ಟಲ್ ಎಂಬುದು ಇಲ್ಲಿ ಬೇಡ. ಆಮೇಲೆ ಬೇರೆ ಕೆಲವನ್ನೂ ತೆರೆದು ನೋಡಿದೆ, ಸ್ವಭಾವ ಹೆಚ್ಚುಕಡಿಮೆ ಒಂದೇ.

ಮೊದಲ ಪುಟದಲ್ಲೇ ನಿಂತೆವು. ಸಂಸ್ಥೆಯ ಹೆಸರನ್ನು ಪಟ್ಟಿಯಿಂದ ಆರಿಸಬೇಕು, ಪಟ್ಟಿಯಲ್ಲಿ ಅವಳ ಕಾಲೇಜಿಲ್ಲ. ಸೇರಿಸಿ ಎಂದು ಮೇಲ್ ಬರೆದು ಕಾಯಬೇಕು. ಒಂಬತ್ತು ದಿನ ಹಿಡಿಯಿತು. "ನಮ್ ಕಾಲೇಜು ಇದೆ ಅಂತ ತೋರ್ಸೋಕೇ ಒಂಬತ್ತು ದಿನ ಆಯ್ತಲ್ಲೋ, ಇನ್ನು ನೀರಲ್ಲಿ ಫ್ಲೋರೈಡ್ ಇದೆ ಅಂತ ಯಾವಾಗ ತೋರ್ಸೋದು" ಎಂದಳು. ಪ್ರಕಟವಾದ ಲೇಖನಗಳ ಪಟ್ಟಿಯನ್ನು ಒಂದು ಕಡತವಾಗಿ ಕೊಡುವಂತಿಲ್ಲ. ಲೇಖಕರು, ನಿಯತಕಾಲಿಕ, ಸಂಪುಟ, ಪುಟ ಎಂದು ಒಂದೊಂದನ್ನೂ ಬೇರೆ ಬೇರೆ ಚೌಕದಲ್ಲಿ ತುಂಬಬೇಕು. ತುಂಬುತ್ತಿರುವಾಗ ಸೆಷನ್ ಮುಗಿಯಿತು ಎಂದು ಹೊರಗೆ ಹಾಕುತ್ತದೆ, ಮತ್ತೆ ಒಳಗೆ ಬರಲು ಓಟಿಪಿ. ಅವಳ ಮನೆಯಲ್ಲಿ ಸಿಗ್ನಲ್ ಸಿಗುವುದು ಮಹಡಿ ಮೆಟ್ಟಿಲ ಮೇಲೆ. ಸಾರಾಂಶವನ್ನು ವರ್ಡ್‌ನಿಂದ ತಂದು ಅಂಟಿಸಿದರೆ ರಾಸಾಯನಿಕ ಸೂತ್ರಗಳ ಚಿಕ್ಕ ಅಂಕಿಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾದವು. ಅಕ್ಷರಗಳ ಮಿತಿ ಮೀರಿದೆ ಎಂಬುದು ತಿಳಿಯುವುದು ಎಲ್ಲ ಮುಗಿಸಿ ಕೊನೆಯ ಬಟನ್ ಒತ್ತಿದಾಗ.

ಇವೆಲ್ಲ ಕಿರಿಕಿರಿ, ಅಷ್ಟೇ. ನಿಜವಾದ ಕಷ್ಟ ಇದ್ದದ್ದು ತೆರೆಯ ಹೊರಗೆ. ಪ್ರಾಂಶುಪಾಲರ ಒಪ್ಪಿಗೆ ಪತ್ರ ಲೆಟರ್‌ಹೆಡ್ಡಿನಲ್ಲೇ ಬೇಕು, ನಿಗದಿತ ವಾಕ್ಯಗಳಲ್ಲೇ ಬೇಕು. ಅದರಲ್ಲಿ ಸಂಸ್ಥೆ ಕಟ್ಟಡ, ವಿದ್ಯುತ್, ಲೆಕ್ಕಪತ್ರದ ಸೌಲಭ್ಯ ಕೊಡುತ್ತದೆ, ಹಣದ ಹೊಣೆ ಹೊರುತ್ತದೆ ಎಂದು ಬರೆಯಬೇಕು. ಪ್ರಾಂಶುಪಾಲರು ಒಳ್ಳೆಯವರೇ. ಆದರೆ ಇಂಥ ಪತ್ರಕ್ಕೆ ಅವರು ಹಿಂದೆಂದೂ ಸಹಿ ಹಾಕಿಲ್ಲ. ನಾಳೆ ಆಡಿಟ್ ಬಂದರೆ ತಮ್ಮ ಪಿಂಚಣಿಗೆ ತೊಂದರೆಯಾದೀತು ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿ ಕಡೆಗೆ ಕೈ ತೋರಿಸಿದರು. ಕಾರ್ಯದರ್ಶಿ ಮದುವೆಗೆಂದು ಬಳ್ಳಾರಿಗೆ ಹೋಗಿದ್ದರು. ಇನ್ನು ಉಪಕರಣಕ್ಕೆ ಕೊಟೇಶನ್. ಬೆಂಗಳೂರಿನ ಡೀಲರಿಗೆ ಫೋನ್ ಮಾಡಿದರೆ, ಇದುವರೆಗೆ ಒಂದು ಬೀಕರನ್ನೂ ಕೊಳ್ಳದ ಕಾಲೇಜಿಗೆ ಆತ ಯಾಕೆ ಪುರುಸೊತ್ತು ಮಾಡಿಕೊಂಡು ದರಪಟ್ಟಿ ಕಳಿಸಬೇಕು? ನಾನು ಹೈದರಾಬಾದಿನಿಂದ ಕಂಪನಿಯವನಂತೆ ಇಂಗ್ಲಿಷಿನಲ್ಲಿ ಮಾತಾಡಿದ ಮೇಲೆ ಬಂತು. ಕೊನೆಗೆ ಎಲ್ಲ ಸಹಿಗಳೂ ಸಿಕ್ಕಿದ ಕಾಗದಗಳನ್ನು ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಕಡತ 22 ಎಂಬಿ ಆಯಿತು, ಪೋರ್ಟಲ್ಲಿನ ಮಿತಿ 2. ಅಂಗಡಿಯ ಹುಡುಗನೇ ಅದನ್ನು ಕುಗ್ಗಿಸಿ ಕೊಟ್ಟ. ಇಡೀ ವ್ಯವಹಾರದಲ್ಲಿ ತನ್ನ ಕೆಲಸವನ್ನು ಹತ್ತು ನಿಮಿಷದಲ್ಲಿ, ಹತ್ತು ರೂಪಾಯಿಗೆ ಮಾಡಿ ಮುಗಿಸಿದವನು ಅವನೊಬ್ಬನೇ.

ಆನ್‌ಲೈನ್‌ನಿಂದ ಲಾಭವೇ ಆಗಿಲ್ಲ ಎಂದು ಹೇಳಲಾರೆ. ಹಿಂದೆ ಇದೇ ಪ್ರಸ್ತಾವವನ್ನು ಹಲವು ಪ್ರತಿ ಮಾಡಿ, ಸ್ಪೈರಲ್ ಬೈಂಡ್ ಮಾಡಿಸಿ, ಸ್ಪೀಡ್ ಪೋಸ್ಟಿನಲ್ಲಿ ದೆಹಲಿಗೆ ಕಳಿಸಿ, ತಲುಪಿತೋ ಇಲ್ಲವೋ ಎಂದು ಕಾಯಬೇಕಿತ್ತು. ಈಗ ಅರ್ಜಿ ಸಂಖ್ಯೆ ಆ ಕ್ಷಣದಲ್ಲೇ ಸಿಗುತ್ತದೆ, ಎಲ್ಲಿದೆ ಎಂದು ಕೂತಲ್ಲೇ ನೋಡಬಹುದು. ತಪ್ಪು ತುಂಬಿದಲ್ಲೇ ತಪ್ಪು ಎಂದು ತೋರಿಸುವುದು, ತುಂಬಿದ್ದು ತಾನಾಗಿಯೇ ಸೇವ್ ಆಗುವುದು, ಇವನ್ನೆಲ್ಲ ಒಂದು ಸಾಧಾರಣ ತಂಡ ಎರಡು ತಿಂಗಳಲ್ಲಿ ಮಾಡಿಕೊಡಬಲ್ಲದು. ಪೋರ್ಟಲ್ ನಯವಾದರೆ ಎಲ್ಲ ಸರಿಹೋಗುತ್ತದೆ ಎಂಬುದಲ್ಲ ನನ್ನ ವಾದ. ಇನ್ನೂ ಚೆಂದದ ಪೋರ್ಟಲ್ ಕೊಟ್ಟರೂ ಅಕ್ಕನ ಮುಕ್ಕಾಲು ಪಾಲು ಕಷ್ಟ ಹಾಗೇ ಉಳಿಯುತ್ತಿತ್ತು.

ಯಾಕೆಂದರೆ ಅರ್ಜಿ ಹಾಕುವುದು ವ್ಯಕ್ತಿಯಲ್ಲ, ವ್ಯಕ್ತಿಯ ಹಿಂದಿರುವ ಕಚೇರಿ. ಐಐಟಿ ಮದ್ರಾಸಿನಲ್ಲಿ ಐಸಿಎಸ್‌ಆರ್, ಬಾಂಬೆಯಲ್ಲಿ ಐಆರ್‌ಸಿಸಿ, ಖರಗ್‌ಪುರದಲ್ಲಿ ಎಸ್‌ಆರ್‌ಐಸಿ ಎಂಬ ವಿಭಾಗಗಳಿವೆ. ಪ್ರಾಯೋಜಿತ ಸಂಶೋಧನೆಯ ವ್ಯವಹಾರ ನೋಡಿಕೊಳ್ಳುವುದೇ ಅವುಗಳ ಕೆಲಸ. ನಾನು ಎಂಟೆಕ್ ಮಾಡುವಾಗ ನಮ್ಮ ಗೈಡ್ ಪ್ರಸ್ತಾವ ಬರೆಯುತ್ತಿದ್ದುದನ್ನು ಹತ್ತಿರದಿಂದ ನೋಡಿದ್ದೇನೆ. ವಿಜ್ಞಾನದ ಭಾಗ ಅವರದು. ಬಜೆಟ್ಟಿನ ಎಕ್ಸೆಲ್ ಕಚೇರಿಯಿಂದ ಬರುತ್ತಿತ್ತು, ಒಪ್ಪಿಗೆ ಪತ್ರದ ನಮೂನೆ ಸಿದ್ಧವಿತ್ತು, ಹಿಂದೆ ಅನುದಾನ ಸಿಕ್ಕ ನಾಲ್ಕಾರು ಪ್ರಸ್ತಾವಗಳು ಲ್ಯಾಬಿನ ಫೋಲ್ಡರಿನಲ್ಲೇ ಇದ್ದವು, ಗ್ರಾಫ್ ಬಿಡಿಸಲು ನಾವು ಹುಡುಗರಿದ್ದೆವು. ಅಕ್ಕನ ಕಾಲೇಜಿನಲ್ಲಿ ಇದಕ್ಕೆಲ್ಲ ಇರುವುದು ಒಬ್ಬ ಎಸ್‌ಡಿಎ. ಪ್ರವೇಶ, ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನ, ಸಂಬಳದ ಬಿಲ್ಲು ಎಲ್ಲವೂ ಅವರ ತಲೆ ಮೇಲೆ. ಬಜೆಟ್ಟಿನಲ್ಲಿ 'ರಿಕರಿಂಗ್', 'ನಾನ್ ರಿಕರಿಂಗ್', 'ಓವರ್‌ಹೆಡ್' ಎಂದಿದ್ದನ್ನು ನೋಡಿ ಅವರು "ಓವರ್‌ಹೆಡ್ ಟ್ಯಾಂಕಿಗೂ ಕೊಡ್ತಾರಾ ಮೇಡಂ?" ಎಂದು ಕೇಳಿದರಂತೆ. ನಕ್ಕುಬಿಡಬಹುದು. ಆದರೆ ಅದು ಸಂಸ್ಥೆಯ ಆಡಳಿತ ವೆಚ್ಚಕ್ಕೆ ಕೊಡುವ ಪಾಲು ಎಂದು ಅವರಿಗೆ ಇದುವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಏಳು ತಿಂಗಳ ನಂತರ ಪೋರ್ಟಲ್ಲಿನಲ್ಲಿ ಸ್ಥಿತಿ ಬದಲಾಯಿತು. ಶಿಫಾರಸು ಮಾಡಿಲ್ಲ. ಕಾರಣ ಒಂದೇ ಸಾಲು, ಹೊಸತನ ಸಾಲದು. ವಿಮರ್ಶಕರ ಟಿಪ್ಪಣಿ ಇಲ್ಲ, ಏನನ್ನು ತಿದ್ದಬೇಕೆಂಬ ಸೂಚನೆ ಇಲ್ಲ. ಅಷ್ಟರಲ್ಲಿ ಒಂದು ಬೇಸಿಗೆ ಮುಗಿದು ಮಳೆಗಾಲವೂ ಅರ್ಧ ಕಳೆದಿತ್ತು. ಬಾವಿ ನೀರಿನ ಅಧ್ಯಯನದಲ್ಲಿ ಒಂದು ಬೇಸಿಗೆ ಹೋಯಿತೆಂದರೆ ಒಂದು ವರ್ಷ ಹೋದಂತೆ.

ಹೊಸತನ ಎಂಬ ಪದದ ಬಗ್ಗೆ ನನಗೆ ತಕರಾರಿದೆ. ನಾನಿರುವ ಹೈದರಾಬಾದಿನಿಂದ ನೂರು ಕಿಲೋಮೀಟರ್ ಆಚೆಗೆ ನಲ್ಗೊಂಡ ಇದೆ. ಅಲ್ಲಿಯದೂ ನಮ್ಮ ಪಾವಗಡದ್ದೇ ಗೋಳು. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ರೂಪಿಸಿದ, ಆಲಂ ಮತ್ತು ಸುಣ್ಣ ಹಾಕಿ ಕಲಕಿ ಫ್ಲೋರೈಡನ್ನು ಕೆಳಗೆ ಕೂರಿಸುವ ವಿಧಾನಕ್ಕೆ ಆ ಊರಿನದೇ ಹೆಸರು, ನಲ್ಗೊಂಡ ವಿಧಾನ. ಆಫ್ರಿಕಾದ ಟಾಂಜಾನಿಯಾದವರೆಗೂ ಅದು ಹೋಗಿದೆ. ಪಟಿಕ ಮತ್ತು ಸುಣ್ಣದಲ್ಲಿ ಏನು ಹೊಸತನವಿದೆ? ನಮ್ಮ ಅಜ್ಜಿಯರೂ ಕೆಂಪು ನೀರಿಗೆ ಪಟಿಕ ತಿರುಗಿಸುತ್ತಿದ್ದರು. ಆದರೆ ಆ ಊರಿನ ಆ ನೀರನ್ನು ಯಾರೋ ಕೂತು ಅಳೆದು, ಎಷ್ಟು ಹಾಕಿದರೆ ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟರು. ಸ್ಥಳೀಯವಾಗಿ ಅಳೆಯುವ ಕೆಲಸವನ್ನು ಹೊಸ ಪದಾರ್ಥ ಕಂಡುಹಿಡಿಯುವ ಕೆಲಸದ ಪಕ್ಕದಲ್ಲಿಟ್ಟು ಒಂದೇ ತಕ್ಕಡಿಯಲ್ಲಿ ತೂಗಿದರೆ ಅಳೆಯುವವರು ಸೋಲುವುದು ಖಚಿತ. ಆ ನಲವತ್ತು ಬಾವಿಗಳನ್ನು ಅಳೆಯಲು ಐಐಟಿಯವರು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಅಕ್ಕ ಇದ್ದಾಳೆ.

ಈಚೆಗೆ ಇನ್ನೊಂದು ಶುರುವಾಗಿದೆ. ಹೊಸತನದ ಭಾಷೆ ಬರೆಯಲು ಎಲ್ಲರೂ ಚಾಟ್‌ಜಿಪಿಟಿ ಹಿಡಿದಿದ್ದಾರೆ. ಎಲ್ಲ ಪ್ರಸ್ತಾವಗಳೂ ಒಂದೇ ಇಸ್ತ್ರಿ ಹಾಕಿದ ಬಟ್ಟೆಯಂತೆ ಕಾಣತೊಡಗಿದರೆ ವಿಮರ್ಶಕರು ಯಾವುದನ್ನು ನೋಡಿ ತೀರ್ಮಾನಿಸುತ್ತಾರೆ? ಮೇಲಿರುವ ಸಂಸ್ಥೆಯ ಹೆಸರನ್ನು ನೋಡಿ ಎಂಬುದು ನನ್ನ ಅನುಮಾನ.

ಬರೆಯುವ ಶ್ರಮ ವ್ಯರ್ಥವಾಗುವುದು ನಮ್ಮಲ್ಲಿ ಮಾತ್ರವಲ್ಲ. ಆಸ್ಟ್ರೇಲಿಯಾದಲ್ಲಿ 2012ರ ವೈದ್ಯಕೀಯ ಸಂಶೋಧನಾ ಅನುದಾನದ ಒಂದು ಸುತ್ತನ್ನು ಸಂಶೋಧಕರು ಲೆಕ್ಕ ಹಾಕಿ ನೋಡಿದರು. 3,727 ಅರ್ಜಿಗಳು, ಒಂದೊಂದಕ್ಕೆ ಸರಾಸರಿ 34 ಕೆಲಸದ ದಿನ, ಒಟ್ಟು ಕೂಡಿದರೆ ಐನೂರಕ್ಕೂ ಹೆಚ್ಚು ವರ್ಷಗಳ ದುಡಿಮೆ. ಅನುದಾನ ಸಿಕ್ಕಿದ್ದು ಐದರಲ್ಲಿ ಒಂದಕ್ಕೆ. ಅಲ್ಲಿನ ವಿಜ್ಞಾನಿಗೆ ಆ 34 ದಿನ ಸಂಬಳದ ಕೆಲಸದೊಳಗೇ ಸೇರುತ್ತದೆ. ನಮ್ಮ ಕಾಲೇಜು ಅಧ್ಯಾಪಕರಿಗೆ ಅದು ಮೌಲ್ಯಮಾಪನ ಮುಗಿಸಿ, ಅಡುಗೆ ಮುಗಿಸಿ, ಉಳಿದ ರಾತ್ರಿ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಸರಳ. ಮೊದಲು ಎರಡು ಪುಟ ಕೇಳಿ. ಪ್ರಶ್ನೆ ಏನು, ಹೇಗೆ ಉತ್ತರ ಹುಡುಕುತ್ತೀರಿ, ಅಂದಾಜು ಎಷ್ಟು ಹಣ ಬೇಕು. ಅದು ಹಿಡಿಸಿದರೆ ಮಾತ್ರ ಒಪ್ಪಿಗೆ ಪತ್ರ, ಕೊಟೇಶನ್, ಬ್ಯಾಂಕ್ ಖಾತೆ, ಮುಚ್ಚಳಿಕೆ. ಸಾರ್ವಜನಿಕರ ಹಣ, ಲೆಕ್ಕ ಬೇಡವೇ ಎಂದರೆ ಖಂಡಿತ ಬೇಕು. ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಕೊಡಬೇಡಿ. ಆದರೆ ಸಿಗದೆ ಹೋಗುವ ಹಣಕ್ಕೂ ಮೊದಲೇ ಲೆಕ್ಕ ಒಪ್ಪಿಸಿ ಎಂದರೆ ಹೇಗೆ? ನಿಯಮ ಬದಲಾಗುವುದಿಲ್ಲ ಎಂಬ ಮಾತೂ ಸರಿಯಲ್ಲ. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಂಶೋಧನೆಯ ಖರೀದಿಗೆ ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು. ಕೊಳ್ಳುವಾಗಲೇ ಸಡಿಲಿಸಬಹುದಾದರೆ ಕೇಳುವಾಗ ಯಾಕೆ ಬಿಗಿ?

ಸಣ್ಣ ಫಾರ್ಮಿನಿಂದ ಕೆಲಸ ನಡೆಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಊರಲ್ಲಿ ಎಂಜಿನಿಯರಿಂಗ್ ಓದಿದ ನಮ್ಮಲ್ಲಿ ಅನೇಕರಿಗೆ ಕೆಎಸ್‌ಸಿಎಸ್‌ಟಿ ಹೆಸರು ನೆನಪಿರಬೇಕು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ದಶಕಗಳಿಂದ ಕೆಲವು ಸಾವಿರ ರೂಪಾಯಿಗಳ ನೆರವು ಕೊಡುತ್ತಾ ಬಂದಿದೆ. ನಮ್ಮ ಬ್ಯಾಚಿನಲ್ಲೂ ಒಂದು ತಂಡಕ್ಕೆ ಸಿಕ್ಕಿತ್ತು. ಹಣಕ್ಕಿಂತ ಹೆಚ್ಚಾಗಿ, ನಮ್ಮ ಕಾಲೇಜಿನ ಹೊರಗಿನವರು ಯಾರೋ ಓದಿ ಇದಕ್ಕೆ ಬೆಲೆಯಿದೆ ಎಂದರಲ್ಲ, ಅದರ ಹುರುಪು ಇಡೀ ವಿಭಾಗಕ್ಕೆ ಹಬ್ಬಿತ್ತು. ಅಧ್ಯಾಪಕರಿಗೂ ಇಂಥದೊಂದು ಮೆಟ್ಟಿಲಿತ್ತು, ಯುಜಿಸಿಯ ಮೈನರ್ ರಿಸರ್ಚ್ ಪ್ರಾಜೆಕ್ಟ್. ಪದವಿ ಕಾಲೇಜಿನ ಎಷ್ಟೋ ಮೇಷ್ಟ್ರುಗಳ ಮೊದಲ ಸಂಶೋಧನೆ ನಡೆದದ್ದು ಆ ಹಣದಲ್ಲಿ. ಪಂಚವಾರ್ಷಿಕ ಯೋಜನೆಗಳ ಜೊತೆಗೇ ಆ ಮೆಟ್ಟಿಲೂ ಹೋಯಿತು. ರಾಜ್ಯದಲ್ಲಿ ವಿಜಿಎಸ್‌ಟಿ ಕಾಲೇಜುಗಳಿಗೂ ಅನುದಾನ ಕೊಟ್ಟಿದೆ, ಅದು ಒಳ್ಳೆಯದೇ. ಆದರೆ ಒಂದೆರಡು ಲಕ್ಷದ, ಎರಡು ಪುಟದ, ಎರಡು ತಿಂಗಳಲ್ಲಿ ಉತ್ತರ ಬರುವ ಅನುದಾನವೊಂದು ಅಧ್ಯಾಪಕರಿಗೆ ಬೇಕು.

ಕೇಂದ್ರದಲ್ಲಿ 2023ರ ಕಾಯ್ದೆಯ ಮೂಲಕ ಎಎನ್‌ಆರ್‌ಎಫ್ ಬಂದಿದೆ, ಹಳೆಯ ಎಸ್‌ಇಆರ್‌ಬಿ ಅದರೊಳಗೆ ಸೇರಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದರು. ಅದರಲ್ಲಿ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬ ನಿರೀಕ್ಷೆ. ದೊಡ್ಡ ಸಂಸ್ಥೆ ನಡುವೆ, ವಿಶ್ವವಿದ್ಯಾಲಯಗಳು ಸುತ್ತ ಎಂಬ 'ಪೇರ್' ಕಾರ್ಯಕ್ರಮದ ಯೋಚನೆ ನನಗೆ ಇಷ್ಟವಾಯಿತು. ಮೊದಲ ಹಂತದಲ್ಲಿ ತಾಲ್ಲೂಕಿನ ಪದವಿ ಕಾಲೇಜು ಅದರ ಸುತ್ತಿನೊಳಗೆ ಬಂದಿಲ್ಲ. ಅಧ್ಯಾಪಕರು ತಮ್ಮ ಕೆಲಸದಲ್ಲಿದ್ದುಕೊಂಡೇ ವರ್ಷದಲ್ಲಿ ಕೆಲವು ತಿಂಗಳು ಹತ್ತಿರದ ದೊಡ್ಡ ಸಂಸ್ಥೆಯಲ್ಲಿ ಸಂಶೋಧನೆ ಮಾಡುವ 'ಟೇರ್' ಎಂಬ ಯೋಜನೆಯನ್ನು ಎಸ್‌ಇಆರ್‌ಬಿ ಕಾಲದಲ್ಲೇ ತಂದಿದ್ದರು. ಮೂರು ವರ್ಷ, ವರ್ಷಕ್ಕೆ 5 ಲಕ್ಷ ರೂಪಾಯಿ ಸಂಶೋಧನೆಗೆ, 60,000 ಅಧ್ಯಾಪಕರಿಗೆ. ಅಕ್ಕನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಪೋರ್ಟಲ್ಲಿನಲ್ಲಿ ಪ್ರಕಟಣೆ ಹಾಕಿದರೆ ಊರಿಗೆ ಡಂಗುರ ಸಾರಿದಂತಾಗುವುದಿಲ್ಲ.

ಅಕ್ಕನಿಗೇನೋ ಫೋನು ಮಾಡಿದರೆ ಸಿಗುವ ತಮ್ಮನಿದ್ದ. ಅವಳ ಪಕ್ಕದ ಕುರ್ಚಿಯ ಸಸ್ಯಶಾಸ್ತ್ರದವರಿಗೆ ಯಾರಿದ್ದಾರೆ? ಇಲ್ಲಿಯೇ ಹೊರನಾಡಿನಲ್ಲಿರುವ ನಮ್ಮ ಮಾತು ಬರುತ್ತದೆ. ನಾವು ಊರಿಗೆ ಏನಾದರೂ ಮಾಡಬೇಕೆಂದರೆ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚೀಟಿ ಹರಿಸುತ್ತೇವೆ, ಶಾಲೆಗೆ ಹಳೆಯ ಕಂಪ್ಯೂಟರ್ ಕಳಿಸುತ್ತೇವೆ. ಬೇಡವೆನ್ನುವುದಿಲ್ಲ. ಆದರೆ ಒಂದು ಉದ್ದನೆಯ ಬೇಡಿಕೆ ಪತ್ರವನ್ನು ಓದಿ ಇದರಲ್ಲಿ ಏನು ಸ್ಪಷ್ಟವಿಲ್ಲ ಎಂದು ಹೇಳುವುದು, ಬಜೆಟ್ಟನ್ನು ತಲೆಬರಹಗಳಡಿ ವಿಂಗಡಿಸುವುದು, ಗಡುವಿಗೆ ಮೂರು ದಿನ ಮೊದಲೇ ಎಲ್ಲ ಕಡತ ಸಿದ್ಧವಿದೆಯೇ ಎಂದು ಪಟ್ಟಿ ಹಿಡಿದು ನೋಡುವುದು, ಇವು ನಮಗೆ ದಿನನಿತ್ಯದ ಕೆಲಸ. ಅದನ್ನು ಊರಿನವರು ನಮ್ಮಿಂದ ಕೇಳುವುದಿಲ್ಲ, ನಾವೂ ಕೊಡುವುದಿಲ್ಲ.

ಹೈದರಾಬಾದಿನಲ್ಲಿ ಇಬ್ಬರು, ಪುಣೆಯಲ್ಲಿ ಒಬ್ಬರು, ಚೆನ್ನೈಯಲ್ಲಿ ಒಬ್ಬರು, ಎಲ್ಲರೂ ಬೇರೆ ಬೇರೆ ಕಂಪನಿಯವರು, ಕಳೆದ ವರ್ಷದಿಂದ ಶನಿವಾರ ಸಂಜೆ ಒಂದು ಗಂಟೆ ಇದಕ್ಕೆ ಇಟ್ಟಿದ್ದೇವೆ. ಹೆಸರು, ನೋಂದಣಿ, ಲೋಗೊ ಏನೂ ಇಲ್ಲ. ಆರು ಅಧ್ಯಾಪಕರ ಅರ್ಜಿ ಓದಿದ್ದೇವೆ. ಹಾವೇರಿ ಕಡೆಯ ಒಬ್ಬರಿಗೆ ಸಣ್ಣ ಮೊತ್ತ ಸಿಕ್ಕಿದೆ, ಉಳಿದವರು ಕಾಯುತ್ತಿದ್ದಾರೆ. ಓದುವಾಗ ನಮಗೆ ಪದೇ ಪದೇ ಕಂಡದ್ದು ಒಂದು: ಇವರ ವಿಷಯಜ್ಞಾನದಲ್ಲಿ ಕೊರತೆಯಿಲ್ಲ. ಆದರೆ ಮೊದಲ ಮೂರು ಪುಟ ಲೋಕದಲ್ಲಿ ನೀರಿನ ಮಹತ್ವ, ಭಾರತದಲ್ಲಿ ಕೃಷಿಯ ಮಹತ್ವ ಎಂದೇ ಹೋಗುತ್ತದೆ. ತಾವು ಮಾಡಲಿರುವ ಕೆಲಸ ನಾಲ್ಕನೇ ಪುಟದಲ್ಲಿ ಸಂಕೋಚದಿಂದ ಬಂದು ನಿಲ್ಲುತ್ತದೆ. ಅದನ್ನು ಎಳೆದು ಮುಂದಕ್ಕೆ ತಂದರೆ ಅರ್ಧ ಕೆಲಸ ಆದಂತೆ. ಅವರಲ್ಲಿ ಮೂವರು ಕನ್ನಡದಲ್ಲಿ ಮಾತಾಡುತ್ತಾ ವಿವರಿಸಿದಾಗ ಪ್ರಶ್ನೆ ಎಷ್ಟು ಚೂಪಾಗಿತ್ತೆಂದರೆ, ನಾವು ಅದನ್ನು ಹಾಗೆಯೇ ಬರೆದುಕೊಂಡು ಇಂಗ್ಲಿಷಿಗೆ ತಂದೆವು.

ನಮಗೆ ಈಗ ಕೈ ಕಟ್ಟಿದಂತಾಗಿರುವುದು ಎರಡು ಕಡೆ. ಪ್ರಯೋಗಾಲಯ ಉಪಕರಣಗಳ ಖರೀದಿ ಬಲ್ಲವರು ನಮ್ಮಲ್ಲಿಲ್ಲ. ಮುಂಬೈ, ಪುಣೆಯ ಔಷಧ ಕಂಪನಿಗಳಲ್ಲಿ ಆ ಕೆಲಸ ಮಾಡುವ ಕನ್ನಡಿಗರು ಎಷ್ಟೋ ಜನ ಇದ್ದಾರೆ. ಹಾಗೆಯೇ ವಿಮರ್ಶಕರ ಸಾಲಿನಲ್ಲಿ ಕೂತು ಪ್ರಸ್ತಾವಗಳನ್ನು ಓದಿದ ಅನುಭವ ಇರುವವರು ಬೇಕು. ದೆಹಲಿ, ಹೈದರಾಬಾದಿನ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ನಮ್ಮವರಿದ್ದಾರೆ. ನಮ್ಮ ಗುಂಪಿಗೇ ಬರಬೇಕೆಂದಿಲ್ಲ, ನೀವು ಓದಿದ ಕಾಲೇಜಿಗೆ ಫೋನ್ ಮಾಡಿ ಈ ವರ್ಷ ಯಾರಾದರೂ ಅರ್ಜಿ ಹಾಕುತ್ತಿದ್ದಾರೆಯೇ ಎಂದು ವಿಚಾರಿಸಿದರೂ ಸಾಕು.

ಅಕ್ಕ ಈ ನಡುವೆ ಕಾಯುತ್ತಾ ಕೂತಿಲ್ಲ. ಅಂತಿಮ ವರ್ಷದ ಬಿಎಸ್ಸಿ ಮಕ್ಕಳನ್ನು ಕರೆದುಕೊಂಡು ಏಪ್ರಿಲ್‌ನಲ್ಲಿ ಹನ್ನೊಂದು ಶಾಲೆಗಳ ನೀರು ಸಂಗ್ರಹಿಸಿದ್ದಾಳೆ. ಬೇರೆ ಊರಿನ ಕಾಲೇಜೊಂದರ ಮೀಟರನ್ನು ಭಾನುವಾರ ಬಳಸಿಕೊಳ್ಳಲು ಅನುಮತಿ ಸಿಕ್ಕಿದೆ. ಹೋಗಿ ಬರುವ ಬಸ್ ಚಾರ್ಜು ಅವಳದೇ. ಎರಡು ಶಾಲೆಗಳ ನೀರು ಮಿತಿಗಿಂತ ಮೇಲಿದೆ ಎಂದು ಗೊತ್ತಾಗಿ, ಅಳತೆಯ ಕಾಗದವನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಬಂದಿದ್ದಾಳೆ. ಮುಂದಿನ ಸುತ್ತಿನ ಅರ್ಜಿಗೆ ಈ ಹನ್ನೊಂದು ಸಾಲಿನ ಪಟ್ಟಿಯನ್ನು ಮೊದಲ ಪುಟದಲ್ಲೇ ಹಾಕಲಿದ್ದೇವೆ. ಪಟ್ಟಿಯಲ್ಲಿ ಕಾಲೇಜಿನ ಹೆಸರಂತೂ ಈಗ ಇದೆ.